ಪಟ್ಟಿ ಯಾರ ಕೈಯಲ್ಲಿದೆ?



ಶಾಲಾ ಕ್ರೀಡಾಕೂಟಗಳ ಕಾಲ ಬಂತಂದ್ರೆ ನನಗೆ ಒಂದೇ ನಮೂನೆಯ ಫೋನ್ ಬರೋಕೆ ಶುರು. ಮುಗಳಖೋಡ, ಹಾರೂಗೇರಿ, ಕುಡಚಿ, ಅಥಣಿ, ಯಾವ ಕಡೆಯಿಂದ ಬಂದರೂ ಮಾತು ಒಂದೇ: "ಅಣ್ಣಾ, ನಮ್ಮ ಹುಡುಗ ಚಲೋ ಆಡ್ತಾನ. ಊರ ಮಂದಿನೇ ಅಂತಾರ. ಆದ್ರ ತಾಲೂಕ ಟೀಮಿನ್ಯಾಗ ಹೆಸರಿಲ್ಲ. ಯಾರನ್ನ ಕೇಳೂಣು?" ಕೆಲವರು ಇದನ್ನು ಸಣ್ಣ ವಿಷಯ ಅಂತಾರೆ. "ಆಟ ಅಲ್ಲೇನ್ರೀ, ಬಿಡ್ರಿ" ಅಂತಾರೆ. ಭೂಮಿ, ಸ್ಮಶಾನ, ವಿದ್ಯಾರ್ಥಿವೇತನದ ಹೋರಾಟಗಳ ನಡುವೆ ಕಬಡ್ಡಿ ಟೀಮಿನ ಪಟ್ಟಿ ಏನು ಮಹಾ ಅಂತ ನಮ್ಮ ಸಂಘಟನೆಯ ಗೆಳೆಯರೂ ಕೇಳಿದ್ದುಂಟು.

ಅವರಿಗೆ ಉತ್ತರವಾಗಿ ಇವತ್ತು ಒಂದು ಹಳೆಯ ಇತಿಹಾಸ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದ್ರಿ. ಒಂದು ಆಟದ ತಂಡದ ಪಟ್ಟಿಯನ್ನು ಮುಂದಿಟ್ಟುಕೊಂಡು ಜಾತಿಯ ಪ್ರಶ್ನೆ ಎತ್ತಿದ್ದು ಈ ದೇಶದಲ್ಲಿ ನೂರು ವರ್ಷದ ಹಿಂದೆ. ಎತ್ತಿದವರು ನಮ್ಮ ಜನ. ನಾಲ್ಕು ಜನ ಅಣ್ಣತಮ್ಮಂದಿರು. ಅವರಲ್ಲಿ ಹಿರಿಯವನು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಹೆಸರು ಬಾಳೂ ಪಾಲವಣಕರ. 1870ರ ದಶಕದ ನಡುವಿನಲ್ಲಿ ಧಾರವಾಡದಲ್ಲಿ ಜನನ. ಕೊಂಕಣದ ಪಾಲವಣ ಎಂಬ ಹಳ್ಳಿಯಿಂದ ಬಂದ ಅಡ್ಡಹೆಸರು. ಜಾತಿ ಚಾಂಭಾರ, ನಮ್ಮ ಕಡೆ ಸಮಗಾರ ಅಂತೀವಲ್ಲ, ಅದೇ ಚರ್ಮದ ಕೆಲಸದ ಸಮುದಾಯ. ತಂದೆ ಸೈನ್ಯದ ಕೆಲಸದಲ್ಲಿ ಇದ್ದರು, ಹಾಗಾಗಿ ಮಕ್ಕಳು ಬೆಳೆದದ್ದು ಪುಣೆಯಲ್ಲಿ. ಬ್ರಿಟಿಷ್ ಅಧಿಕಾರಿಗಳು ಆಡಿ ಬಿಟ್ಟ ಹಳೆಯ ಬ್ಯಾಟು ಚೆಂಡುಗಳಲ್ಲಿ ಈ ಹುಡುಗರು ಆಟ ಕಲಿತರು. ಬಾಳೂ, ಶಿವರಾಮ, ಗಣಪತ, ವಿಠ್ಠಲ. ನಾಲ್ವರೂ ಮುಂದೆ ದೊಡ್ಡ ಕ್ರಿಕೆಟಿಗರಾದರು.

ಬಾಳೂಗೆ ಮೊದಲು ಸಿಕ್ಕ ಕೆಲಸ ಪುಣೆಯ ಒಂದು ಪಾರ್ಸಿ ಕ್ಲಬ್ಬಿನ ಮೈದಾನ ಗುಡಿಸಿ ರೋಲರ್ ಎಳೆಯೋದು. ತಿಂಗಳಿಗೆ ಮೂರು ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದ, ಪಗಾರ ನಾಲ್ಕು ರೂಪಾಯಿ ಆಯ್ತು. ಅಲ್ಲಿ ಪಿಚ್ ಸಿದ್ಧ ಮಾಡಬೇಕು, ಬಲೆ ಕಟ್ಟಬೇಕು, ಆಮೇಲೆ ಸಾಹೇಬರು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ತಾಸುಗಟ್ಟಲೆ ಚೆಂಡು ಎಸೆಯಬೇಕು. ಜೆ.ಜಿ. ಗ್ರೆಗ್ ಅನ್ನೋ ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ತನ್ನನ್ನು ಔಟ್ ಮಾಡಿದಾಗೆಲ್ಲ ಬಾಳೂಗೆ ಎಂಟಾಣೆ ಕೊಡ್ತಿದ್ದ ಅಂತ ಒಂದು ಕಥೆ ಇದೆ. ಎಡಗೈ ಸ್ಪಿನ್ ಪಳಗಿದ್ದು ಹೀಗೆ, ಕೂಲಿಯಾಗಿ.

ಆದರೆ ಆ ಕ್ಲಬ್ಬಿನಲ್ಲಿ ಬಾಳೂ ಕೈಗೆ ಬ್ಯಾಟ್ ಮಾತ್ರ ಕೊಡಲಿಲ್ಲ. ಇದನ್ನ ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದೆ. ಬೌಲಿಂಗ್ ದುಡಿಮೆ, ಬ್ಯಾಟಿಂಗ್ ಯಜಮಾನಿಕೆ. ದುಡಿಯೋಕೆ ನೀನು ಬೇಕು, ಯಜಮಾನಿಕೆ ನಮಗಿರಲಿ. ಊರಲ್ಲಿ ಹೊಲದ ವಿಷಯದಲ್ಲಿ ನಾವು ನೋಡಿದ್ದು ಇದೇ ಅಲ್ವಾ?

ಪುಣೆಯ ಹಿಂದೂ ತಂಡಕ್ಕೆ ಆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು. ಸೋಲಿಸಬಲ್ಲ ಬೌಲರ್ ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ತಂಡದಲ್ಲಿ ಬ್ರಾಹ್ಮಣರೇ ಜಾಸ್ತಿ. ಸೇರಿಸಬೇಕೋ ಬೇಡವೋ ಅಂತ ಚರ್ಚೆ ಆಗಿ ಕೊನೆಗೆ ಸೇರಿಸಿಕೊಂಡರು. ಮೈದಾನದೊಳಗೆ ಬಾಳೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು, ತಿಕ್ಕಿದರು, ಹಿಡಿದರು. ಆ ಚೆಂಡು ಯಾವುದರದ್ದು? ಚರ್ಮದ್ದು. ಚರ್ಮದ ಚೆಂಡಿಗೆ ಮೈಲಿಗೆ ಇಲ್ಲ, ಚರ್ಮದ ಕೆಲಸ ಮಾಡೋ ಸಮುದಾಯದ ಮನುಷ್ಯನಿಗೆ ಇದೆ!

ಆಟದ ನಡುವೆ ಚಹಾದ ವಿರಾಮ. ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು. ಬಾಳೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಜಾಗ, ಬೇರೆ ತಟ್ಟೆ. ಮುಖ ತೊಳೆಯೋಕೆ ನೀರು ಬೇಕಂದ್ರೆ ಅಸ್ಪೃಶ್ಯ ಆಳೇ ಬಂದು ಮೇಲಿಂದ ಸುರೀಬೇಕು. ವಿಕೆಟ್ ತೆಗೆದು ತಂಡ ಗೆಲ್ಲಿಸಿ ಬಂದವನಿಗೆ ಆದ ಮರ್ಯಾದೆ ಇದು.

ಚಹಾ ಅಂದಕೂಡಲೇ ನಮ್ಮ ಭಾಗದವರಿಗೆ ಇನ್ನೊಂದು ಚಹಾ ನೆನಪಾಗಬೇಕು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಗಂಗಾರಾಮ ಕಾಂಬಳೆ ಎಂಬ ದಲಿತರಿಗೆ ಚಹಾದ ಅಂಗಡಿ ಹಾಕಿಸಿಕೊಟ್ಟು, ತಮ್ಮ ಗಾಡಿ ಅಲ್ಲೇ ನಿಲ್ಲಿಸಿ ಎಲ್ಲರೆದುರು ಚಹಾ ಕುಡಿದರು. ಜೊತೆಯಲ್ಲಿದ್ದವರೂ ಕುಡಿಯಬೇಕಾಯ್ತು. ಅದೇ ಶಾಹೂ 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲು ಅಂತ ಹುಕುಂ ಹೊರಡಿಸಿದವರು. ನಮ್ಮ ರಾಯಬಾಗ ಸೀಮೆ ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಮೀಸಲಾತಿ ಅಂದ್ರೆ ಎಲ್ಲೋ ದೆಹಲಿಯಿಂದ ಇಳಿದು ಬಂದದ್ದು ಅಂತ ತಿಳಿದವರು ಇದನ್ನು ಗಮನಿಸಬೇಕು. ಅದು ನಮ್ಮ ಅಂಗಳದಲ್ಲೇ ಹುಟ್ಟಿದ ಕೂಸು.

ಬಾಳೂ ಆಮೇಲೆ ಮುಂಬಯಿಗೆ ಹೋದರು. ರೈಲ್ವೆಯಲ್ಲಿ ನೌಕರಿ, ಹಿಂದೂ ಜಿಮ್ಖಾನಾ ಪರವಾಗಿ ಆಟ. ಅಲ್ಲಿಯೂ ಕೆಲವು ಸದಸ್ಯರ ವಿರೋಧ ಇತ್ತು. ಆದರೆ ಗೆಲುವು ಬೇಕಾಗಿತ್ತಲ್ಲ, ಬಾಗಿಲು ಅರ್ಧ ತೆರೆಯಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ದೇಶವೆಲ್ಲ ಸಂಭ್ರಮಪಟ್ಟ ಗೆಲುವು. ಆ ತಂಡದಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಇಬ್ಬರೂ ಇದ್ದರು. ಪುಣೆಯಲ್ಲಿ ಹೊರಗೆ ಕೂತು ಚಹಾ ಕುಡಿದವರು ಮುಂಬಯಿಯಲ್ಲಿ ಜೊತೆಯವರ ಸಾಲಿನಲ್ಲಿ ಕೂತು ಉಣ್ಣುವಷ್ಟು ಬದಲಾವಣೆ ಆಯ್ತು. ಸುಧಾರಣಾವಾದಿ ಪತ್ರಿಕೆಗಳು ಇದನ್ನು ಹೊಗಳಿ ಬರೆದವು.

1911ರಲ್ಲಿ ಮೊದಲ ಸಲ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯ್ತು. ಆ ತಂಡದ ಪಟ್ಟಿಯನ್ನು ಸ್ವಲ್ಪ ನಿಧಾನ ನೋಡ್ರಿ. ಆರು ಜನ ಪಾರ್ಸಿಗಳು, ಐದು ಹಿಂದೂಗಳು, ಮೂರು ಮುಸ್ಲಿಮರು, ಕ್ಯಾಪ್ಟನ್ ಸಿಖ್ ಮಹಾರಾಜ. ಆ ಐವರು ಹಿಂದೂಗಳಲ್ಲಿ ಇಬ್ಬರು ಬಾಳೂ ಮತ್ತು ಶಿವರಾಮ. ಅಂದ್ರೆ ಕೋಟಾ ಇತ್ತು! ಧರ್ಮದ ಲೆಕ್ಕದಲ್ಲಿ ಸೀಟು ಹಂಚಿಕೊಂಡೇ ಭಾರತದ ಮೊದಲ ತಂಡ ಕಟ್ಟಿದ್ದು. ಮುಂಬಯಿಯ ದೊಡ್ಡ ಪಂದ್ಯಾವಳಿ ಕೂಡ ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, 1912ರಿಂದ ಮುಸ್ಲಿಮರು ಅಂತ ಸಮುದಾಯದ ಹೆಸರಲ್ಲೇ ನಡೆದದ್ದು. "ಆಟದಲ್ಲಿ ಮೀಸಲಾತಿ ತರಬ್ಯಾಡ್ರೀ, ಆಟ ಹಾಳಾಗ್ತದ" ಅಂತ ನಮಗೆ ಪಾಠ ಹೇಳುವವರು ಈ ಇತಿಹಾಸ ಯಾಕೋ ಹೇಳೋದಿಲ್ಲ.

ಕ್ಯಾಪ್ಟನ್ ಯಾರು? ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು 19. ಗದ್ದುಗೆ ಇತ್ತು, ದುಡ್ಡಿತ್ತು, ಸಾಕಾಯ್ತು. ಅವರು ಆಡಿದ್ದು ಕೆಲವೇ ಪಂದ್ಯ. ತಂಡ ಸೋತದ್ದೇ ಹೆಚ್ಚು. ಬಾಳೂ ಆಗ ಮೂವತ್ತೈದರ ಆಸುಪಾಸು, ಭುಜದ ನೋವು ಇಟ್ಕೊಂಡು ಇಡೀ ಬೇಸಿಗೆ ಬೌಲ್ ಮಾಡಿ 114 ವಿಕೆಟ್ ತೆಗೆದರು. ಪ್ರವಾಸ ಮುಗಿದಾಗ ಇಂಗ್ಲೆಂಡಿನವರ ಬಾಯಲ್ಲಿ ಉಳಿದ ಹೆಸರು ಅವರದ್ದೇ. ತಿರುಗಿ ಬಂದಾಗ ಮುಂಬಯಿಯ ದಲಿತರು ಸನ್ಮಾನ ಮಾಡಿದರು. ಆ ಕಾಲದ ನಮ್ಮ ಮಕ್ಕಳಿಗೆ, ವಿದ್ಯಾರ್ಥಿಯಾಗಿದ್ದ ಭೀಮರಾವ್ ಅವರಿಗೂ, ಬಾಳೂ ಒಬ್ಬ ನಾಯಕ.

ಇಷ್ಟಾದ ಮೇಲೆ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಯಾರಿಗೆ ಹೋಗಬೇಕಿತ್ತು? ಹಿರಿತನ, ಅನುಭವ, ಸಾಧನೆ, ಯಾವ ಅಳತೆಗೋಲು ತಗೊಂಡರೂ ಬಾಳೂಗೆ. ವರ್ಷ ವರ್ಷವೂ ಈ ಬೇಡಿಕೆ ಎದ್ದಿತು. ವರ್ಷ ವರ್ಷವೂ ಆಯ್ಕೆ ಸಮಿತಿ ಮೇಲ್ಜಾತಿಯ ಬೇರೆ ಯಾರನ್ನಾದರೂ ಹುಡುಕಿತು. 1913ರಲ್ಲಿ ಕ್ಯಾಪ್ಟನ್ ಆದ ಎಂ.ಡಿ. ಪೈ ಬ್ರಾಹ್ಮಣರು. ಅವರ ಸಮಾಜದವರೇ ಏರ್ಪಡಿಸಿದ್ದ ಸನ್ಮಾನ ಸಭೆಯಲ್ಲಿ ನಿಂತು, ಈ ಗೌರವ ನನಗಿಂತ ಹಿರಿಯರೂ ಅನುಭವಿಯೂ ಆದ ಬಾಳೂಗೆ ಸಿಗಬೇಕಿತ್ತು ಅಂತ ಹೇಳಿಬಿಟ್ಟರು. ಪೈ ಅವರ ಪ್ರಾಮಾಣಿಕತೆಗೆ ಒಂದು ಸಲಾಂ. ಆದರೆ ಪಟ್ಟ ಸಿಕ್ಕವನೇ "ಇದು ನನ್ನದಲ್ಲ" ಅಂದರೂ ಸಮಿತಿ ಅಲುಗಾಡಲಿಲ್ಲ. ಒಬ್ಬ ಒಳ್ಳೆ ಮನುಷ್ಯನ ಒಳ್ಳೆ ಮಾತಿನಿಂದ ಪಟ್ಟಿ ಬದಲಾಗೋದಿಲ್ಲ.

ನನಗೆ ಈ ಕಥೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣೋದು ಮುಂದಿನ ಭಾಗ, 1920.

ಆ ವರ್ಷ ನಮ್ಮ ಜನರ ಪಾಲಿಗೆ ಎಂಥ ವರ್ಷ ನೋಡ್ರಿ. ಜನವರಿ 31ಕ್ಕೆ ಬಾಬಾಸಾಹೇಬರ 'ಮೂಕನಾಯಕ' ಹೊರಟಿತು. ಮಾರ್ಚ್ 21 ಮತ್ತು 22ಕ್ಕೆ ಮಾಣಗಾವದಲ್ಲಿ ಪರಿಷತ್ತು. ಮಾಣಗಾವ ಅಂದ್ರೆ ಎಲ್ಲೋ ದೂರ ಅಲ್ಲ, ನಿಪ್ಪಾಣಿ ಗಡಿ ದಾಟಿದ್ರೆ ಸಿಗೋ ಕೊಲ್ಹಾಪುರ ಸೀಮೆಯ ಹಳ್ಳಿ. ಅಲ್ಲಿ ಶಾಹೂ ಮಹಾರಾಜರು ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಅಂತ ಬಾಬಾಸಾಹೇಬರನ್ನು ಜನರ ಮುಂದೆ ನಿಲ್ಲಿಸಿದರು. ಬೇರೆಯವರು ನಮಗೆ ನಾಯಕರನ್ನು ಆರಿಸಿಕೊಡೋ ಕಾಲ ಮುಗೀತಾ ಬಂದಿತ್ತು.

ಅದೇ ವರ್ಷದ ಕೊನೆಗೆ ಮುಂಬಯಿ ಪಂದ್ಯಾವಳಿ. ಬಾಳೂ ಅವರನ್ನು ವಯಸ್ಸಾಯ್ತು ಅಂತ ತಂಡದಿಂದಲೇ ಕೈಬಿಟ್ಟರು. ಪೈ ಅವರಿಗೆ ಆರೋಗ್ಯ ಸರಿ ಇರಲಿಲ್ಲ. ಹಾಗಾದ್ರೆ ಕ್ಯಾಪ್ಟನ್ ವಿಠ್ಠಲ ಆಗಬೇಕು. ಆ ಹೊತ್ತಿಗೆ ವಿಠ್ಠಲ ತಂಡದ ಮುಖ್ಯ ಬ್ಯಾಟ್ಸ್‌ಮನ್ನರಲ್ಲಿ ಒಬ್ಬರು, ಹಿರಿಯರೂ ಹೌದು. ಸಮಿತಿ ಅವರನ್ನು ದಾಟಿ ಡಿ.ಬಿ. ದೇವಧರ್ ಅವರನ್ನು ನೇಮಿಸಿತು. ದೇವಧರ್ ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಠ್ಠಲಗಿಂತ ಕಿರಿಯರು.

ಅಣ್ಣತಮ್ಮಂದಿರು ಏನು ಮಾಡಿದ್ರು? ಬೇಜಾರಾಗಿ ಮನೇಲಿ ಕೂತ್ಕೊಳ್ಳಲಿಲ್ಲ. ಸಮಿತಿಯ ಬಾಗಿಲಿಗೆ ಹೋಗಿ ಕೈಮುಗೀಲಿಲ್ಲ. ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರಗೆ ಬಂದರು. ಬಂದು ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಹಿರಿತನವನ್ನು ಬದಿಗಿಟ್ಟು ಜಾತಿಯನ್ನು ಅಳತೆಗೋಲು ಮಾಡಿದ್ದಾರೆ, ಇದು ಅವಮಾನ, ಸ್ವಾಭಿಮಾನ ಇದ್ದವರು ಈ ತಂಡದಲ್ಲಿ ಆಡಲಾರರು ಅನ್ನೋದು ಅದರ ತಾತ್ಪರ್ಯ. ಈ ದೇಶದ ಕ್ರೀಡಾ ಇತಿಹಾಸದಲ್ಲಿ ಜಾತಿಯ ಪ್ರಶ್ನೆ ಎತ್ತಿ ಆಟಗಾರರು ಮೈದಾನ ಬಹಿಷ್ಕರಿಸಿದ ಈ ಘಟನೆಯನ್ನು ಯಾವ ಪಠ್ಯಪುಸ್ತಕದಲ್ಲಿ ನಮ್ಮ ಮಕ್ಕಳು ಓದಿದ್ದಾರೆ, ಹೇಳ್ರಿ?

ಪರಿಣಾಮ ಆಯ್ತು. ಗಾಂಧೀಜಿಯ ಅಸಹಕಾರ ಚಳವಳಿಯ ಕಾಲ ಅದು. ಅಸ್ಪೃಶ್ಯತೆ ಹೋಗದೆ ಸ್ವರಾಜ್ಯ ಇಲ್ಲ ಅಂತ ಸಭೆ ಸಭೆಯಲ್ಲಿ ಭಾಷಣ ಆಗ್ತಿತ್ತು. ಭಾಷಣಕ್ಕೂ ತಂಡದ ಪಟ್ಟಿಗೂ ತಾಳೆ ಆಗ್ತಿಲ್ಲ ಅನ್ನೋದನ್ನ ಒಂದು ಪತ್ರ ಎಲ್ಲರ ಕಣ್ಣಿಗೆ ಕಾಣಿಸಿತು. ಪಾರ್ಸಿಗಳ ವಿರುದ್ಧದ ಪಂದ್ಯದ ಹೊತ್ತಿಗೆ ಸಮಿತಿ ಬಾಳೂ ಅವರನ್ನು ವಾಪಸ್ ಕರೆದು ಉಪನಾಯಕ ಮಾಡಿತು. ತಮ್ಮಂದಿರು ತಂಡಕ್ಕೆ ಮರಳಿದರು. ಚೇತರಿಸಿಕೊಂಡು ಕ್ಯಾಪ್ಟನ್ ಆಗಿ ಬಂದ ಪೈ ಬೇಕಂತಲೇ ಮೈದಾನದಿಂದ ಹೊರಗೆ ನಡೆದರು, ಬಾಳೂ ತಂಡವನ್ನು ನಡೆಸಿದರು. ಅಷ್ಟು ವರ್ಷದ ದುಡಿಮೆಗೆ ಸಿಕ್ಕ ನಾಯಕತ್ವ ಇಷ್ಟು, ಅದೂ ಇನ್ನೊಬ್ಬರು ಬಿಟ್ಟುಕೊಟ್ಟ ಸ್ವಲ್ಪ ಹೊತ್ತಿನದು.

1923ರಲ್ಲಿ ವಿಠ್ಠಲ ಹಿಂದೂ ತಂಡದ ಕ್ಯಾಪ್ಟನ್ ಆದರು. ತಂಡ ಗೆದ್ದಿತು. 1925, 1926ರಲ್ಲಿಯೂ ಗೆದ್ದಿತು. ಗೆದ್ದಾಗ ಮೇಲ್ಜಾತಿಯ ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಹೊತ್ತಿಗೆ ನಮ್ಮ ನಾಡಿನಲ್ಲೂ ಗಾಳಿ ತಿರುಗಿತ್ತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತು ನಡೆಯಿತು, ಬಾಬಾಸಾಹೇಬರೇ ಅಧ್ಯಕ್ಷರು.

ಬಾಳೂ ಮೊದಲ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ತೆಗೆದರು, ಸರಾಸರಿ 15.21. ಕ್ರಿಕೆಟ್ ಬಲ್ಲವರಿಗೆ ಈ ಅಂಕಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ಅಧಿಕೃತ ಕ್ಯಾಪ್ಟನ್ ಪಟ್ಟ ಕೊನೆಗೂ ಸಿಗಲಿಲ್ಲ. 1955ರಲ್ಲಿ ತೀರಿಕೊಂಡರು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮ ವಲಯದಲ್ಲಿ ಬಾಳೂ ಹೆಸರು ಕಡಿಮೆ ಕೇಳೋದಕ್ಕೆ ಒಂದು ರಾಜಕೀಯ ಕಾರಣ ಇದೆ. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅವರು ಎಂ.ಸಿ. ರಾಜಾ ಜೊತೆ ನಿಂತರು, ಬಾಬಾಸಾಹೇಬರ ಜೊತೆ ಅಲ್ಲ. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಬಾಬಾಸಾಹೇಬರ ವಿರುದ್ಧವೇ ನಿಲ್ಲಿಸಿತು. ಬಾಳೂ ಸುಮಾರು ಎರಡು ಸಾವಿರ ಮತಗಳಿಂದ ಸೋತರು. ಇದನ್ನೂ ಒಂದು ಆಯ್ಕೆ ಅಂತಲೇ ನಾನು ಓದ್ತೀನಿ. ಆಟದ ಮೈದಾನದಲ್ಲಿ ಹಿರಿತನಕ್ಕೆ ಬೆಲೆ ಕೊಡದವರು, ಬಾಬಾಸಾಹೇಬರನ್ನು ತಡೆಯೋಕೆ ಬೇಕಾದಾಗ ಬಾಳೂ ಖ್ಯಾತಿಯನ್ನು ಹುಡುಕಿಕೊಂಡು ಬಂದರು. ರಾಜಕೀಯದಲ್ಲಿ ಅವರ ನಿಲುವನ್ನು ನಾನು ಒಪ್ಪೋದಿಲ್ಲ. ಹಾಗಂತ 1920ರ ಪತ್ರದ ಬೆಲೆ ಕಡಿಮೆ ಆಗೋದಿಲ್ಲ.

ಈ ಕಥೆ ಬರೀ ನಮ್ಮ ದೇಶದ್ದಲ್ಲ. ಅಮೆರಿಕದ ಬೇಸ್‌ಬಾಲ್ ನೋಡ್ರಿ. ದಶಕಗಳ ಕಾಲ ಕಪ್ಪುಜನರನ್ನು ದೊಡ್ಡ ಲೀಗಿನ ಹೊರಗೇ ಇಟ್ಟಿದ್ದರು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಆಡಿ ಆ ಗೋಡೆ ಒಡೆದರು. ಆದರೆ ತಂಡ ನಡೆಸುವ ಮ್ಯಾನೇಜರ್ ಸ್ಥಾನಕ್ಕೆ ಒಬ್ಬ ಕಪ್ಪು ಮನುಷ್ಯ, ಫ್ರಾಂಕ್ ರಾಬಿನ್ಸನ್, ಬರೋಕೆ 1975 ಆಗಬೇಕಾಯ್ತು. 28 ವರ್ಷ. ವೆಸ್ಟ್ ಇಂಡೀಸ್ 1928ರಿಂದ ಟೆಸ್ಟ್ ಆಡ್ತಿತ್ತು. ವಿಕೆಟ್ ತೆಗೆಯೋರು, ರನ್ ಹೊಡೆಯೋರು ಕಪ್ಪುಜನ, ಕ್ಯಾಪ್ಟನ್ ಮಾತ್ರ ಬಿಳಿಯ. ಫ್ರಾಂಕ್ ವೊರೆಲ್ ಕಾಯಂ ಕ್ಯಾಪ್ಟನ್ ಆಗಿದ್ದು 1960ರಲ್ಲಿ, ಅದೂ ಸಿ.ಎಲ್.ಆರ್. ಜೇಮ್ಸ್ ತನ್ನ ಪತ್ರಿಕೆಯಲ್ಲಿ ಬಿಡದೆ ಬರೆದ ಮೇಲೆ.

ದಕ್ಷಿಣ ಆಫ್ರಿಕಾದಲ್ಲಿ ತಂಡದೊಳಗೆ ಕಪ್ಪು ಆಟಗಾರರ ಸಂಖ್ಯೆಗೆ ಗುರಿ ಇಟ್ಟಿದ್ದಾರೆ. ತೆಂಬಾ ಬವುಮಾನನ್ನು "ಕೋಟಾ ಆಟಗಾರ" ಅಂತ ಎಷ್ಟು ಹೀಯಾಳಿಸಿದರು ಅಂತ ನಿಮಗೆ ಗೊತ್ತು. 2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಟೆಸ್ಟ್ ಚಾಂಪಿಯನ್‌ಶಿಪ್ ಗದೆ ಎತ್ತಿದ ಕ್ಯಾಪ್ಟನ್ ಅದೇ ಬವುಮಾ.

ಎಲ್ಲ ಕಡೆ ಸಾಲು ಒಂದೇ. ಮೊದಲು ಹೊರಗಿಡ್ತಾರೆ. ಸೋಲೋಕೆ ಶುರುವಾದಾಗ ದುಡಿಯೋಕೆ ಒಳಗೆ ಕರೀತಾರೆ. ನಿರ್ಧಾರ ಮಾಡೋ ಕುರ್ಚಿ ಮಾತ್ರ ಕೊನೆಗೆ ಬಿಡ್ತಾರೆ, ಅದೂ ಯಾರಾದ್ರೂ ಗಟ್ಟಿಯಾಗಿ ಬಹಿರಂಗವಾಗಿ ಕೇಳಿದಾಗ.

ಇನ್ನು "ಮೆರಿಟ್". 1936ರಲ್ಲಿ ಭಾರತ ತಂಡದ ಇಂಗ್ಲೆಂಡ್ ಪ್ರವಾಸಕ್ಕೆ ಕ್ಯಾಪ್ಟನ್ ವಿಜಯನಗರಂನ ಮಹಾರಾಜಕುಮಾರ, ವಿಜ್ಜಿ. ಮೂರು ಟೆಸ್ಟಿನಲ್ಲಿ ಒಟ್ಟು 33 ರನ್, ಸರಾಸರಿ 8.25. ಆ ಪ್ರವಾಸದಲ್ಲಿ ಒಳ್ಳೆಯ ಫಾರ್ಮಿನಲ್ಲಿದ್ದ ಲಾಲಾ ಅಮರನಾಥ್ ಅವರನ್ನು ಅಶಿಸ್ತು ಅಂತ ಹೇಳಿ ಟೆಸ್ಟಿಗೆ ಮೊದಲೇ ಮನೆಗೆ ಕಳಿಸಿದರು. ಇದಕ್ಕೆ ಯಾರೂ ಕೋಟಾ ಅನ್ನಲಿಲ್ಲ. ಅರಮನೆಯ ಮಗನಿಗೆ ಸಿಕ್ಕರೆ ಅದು ಗೌರವ, ಸಮಗಾರನ ಮಗ ಕೇಳಿದರೆ ಅದು ರಾಜಕೀಯ! 2018ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನದ ಲೆಕ್ಕದಂತೆ, ಅಲ್ಲಿಯವರೆಗೆ ಭಾರತದ ಪರ ಟೆಸ್ಟ್ ಆಡಿದ ಸುಮಾರು 290 ಪುರುಷರಲ್ಲಿ ದಲಿತರು ಬರೀ ನಾಲ್ಕು. ನಮ್ಮ ಹುಡುಗರಿಗೆ ಚೆಂಡು ಎಸೆಯೋಕೆ ಬರೋದಿಲ್ಲ ಅಂತ ಯಾರಾದ್ರೂ ನಂಬ್ತೀರಾ?

ಈಗ ನಮ್ಮ ಮೈದಾನಕ್ಕೆ ಬರೋಣ. ನಮ್ಮ ರಾಯಬಾಗ ತಾಲೂಕಿನ ಹುಡುಗ ಹುಡುಗಿಯರು ವಲಯ ಮಟ್ಟದಲ್ಲಿ ಗೆದ್ದು ತಾಲೂಕಿಗೆ, ಅಲ್ಲಿಂದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ಹೋಗಬೇಕು. ಕಬಡ್ಡಿ, ಖೋ-ಖೋ, ವಾಲಿಬಾಲಿನಂಥ ಗುಂಪು ಆಟಗಳಲ್ಲಿ ಪ್ರತಿ ಮೆಟ್ಟಿಲಲ್ಲೂ ಯಾರೋ ಒಬ್ಬರು ಪಟ್ಟಿ ಬರೀತಾರೆ. ಓಟದಲ್ಲಿ ಗಡಿಯಾರ ಇದೆ, ಉದ್ದಜಿಗಿತದಲ್ಲಿ ಟೇಪ್ ಇದೆ. ಕಬಡ್ಡಿಯಲ್ಲಿ ಕಣ್ಣಿನ ಅಂದಾಜು. ಆ ಅಂದಾಜಿನ ಸಂದಿಯಲ್ಲೇ ಜಾತಿ, ಪರಿಚಯ, ದುಡ್ಡು ನುಸುಳೋದು. ಮೇಲಿನ ಹಂತದ ಪ್ರಮಾಣಪತ್ರ ಇದ್ದರೆ ಕಾಲೇಜು ಪ್ರವೇಶಕ್ಕೆ, ನೌಕರಿಗೆ ಕ್ರೀಡಾ ಕೋಟಾದ ದಾರಿ ಇದೆ. ಹಾಗಾಗಿ "ಬರೀ ಆಟ" ಅನ್ನೋದು ಸುಳ್ಳು.

ಈ ಪಕ್ಷಪಾತ ಎಲ್ಲೆಲ್ಲಿ ಅಡಗಿರ್ತದೆ ಅಂತ ನಾನು ಕಂಡಷ್ಟು ಹೇಳ್ತೀನಿ.

ಮೊದಲನೇದು ಸುದ್ದಿ. ಆಯ್ಕೆ ಯಾವತ್ತು, ಎಲ್ಲಿ ಅನ್ನೋದು ಕೆಲವು ಮನೆಗೆ ವಾರ ಮೊದಲೇ ಗೊತ್ತು, ನಮ್ಮ ಓಣಿಗೆ ಮುಗಿದ ಮೇಲೆ ಗೊತ್ತು.

ಎರಡನೇದು ಅಭ್ಯಾಸ. ಭಾನುವಾರ ಕೂಲಿಗೆ ಹೋಗೋ ಹುಡುಗನಿಗೆ "ಪ್ರ್ಯಾಕ್ಟೀಸಿಗೆ ಬರಲಿಲ್ಲ, ಶಿಸ್ತಿಲ್ಲ" ಅಂತ ಬರೆದರೆ ಅದು ಬಡತನಕ್ಕೆ ಹಾಕಿದ ದಂಡ.

ಮೂರನೇದು ಪಾತ್ರ. ನಮ್ಮ ಹುಡುಗನನ್ನು ತಗೋತಾರೆ, ಹನ್ನೆರಡನೆಯವನಾಗಿ. ಬಸ್ಸಲ್ಲಿ ಚೀಲ ಹೊರೋಕೆ, ಬೆಂಚಲ್ಲಿ ಕೂರೋಕೆ. ಬಾಳೂ ಕೈಗೆ ಬ್ಯಾಟ್ ಕೊಡದ ಹಾಗೆ ಇದು. ನಾನು ಓದಿದ ಶಾಲೆಯೊಂದರಲ್ಲಿ ಅಂಗಳಕ್ಕೆ ಸುಣ್ಣದ ಗೆರೆ ಹಾಕೋದು, ಖೋ-ಖೋ ಕಂಬ ಹೂಳೋದು ನಮ್ಮ ಕೇರಿಯ ಹುಡುಗರ ಪಾಲಿಗೆ ಬರ್ತಿತ್ತು. ತಂಡದ ಹೆಸರು ಕರೆಯುವಾಗ ನಮ್ಮ ಕೈಗೆ ಇನ್ನೂ ಸುಣ್ಣ ಅಂಟಿರ್ತಿತ್ತು.

ನಾಲ್ಕನೇದು ಆಯ್ಕೆ ಮಾಡೋರ ಸಂಬಂಧ. ತಮ್ಮ ಮಗ, ತಮ್ಮ ಶಾಲೆ, ತಮ್ಮ ಟ್ಯೂಷನ್ ಹುಡುಗ ಕಣದಲ್ಲಿ ಇರುವಾಗ ಅವರೇ ಅಂಕ ಹಾಕಬಾರದು. ಇದು ಜಾತಿಯ ಪ್ರಶ್ನೆ ಮಾತ್ರ ಅಲ್ಲ. ಲಿಂಗಾಯತರ ಬಡ ಹುಡುಗನಿಗೂ, ಮುಸ್ಲಿಮರ ಹುಡುಗಿಗೂ, ಕುರುಬರ ಹುಡುಗನಿಗೂ ಇದೇ ಪೆಟ್ಟು ಬೀಳ್ತದೆ. ನಮಗೆ ಎರಡು ಪಟ್ಟು ಬೀಳ್ತದೆ, ಅಷ್ಟೇ ವ್ಯತ್ಯಾಸ.

ಐದನೇದು ಕ್ಯಾಪ್ಟನ್. ಚಲೋ ಆಡೋ ನಮ್ಮ ಹುಡುಗ ತಂಡದಲ್ಲಿ ಇದ್ದರೂ "ಮಾತಾಡೋಕೆ ಬರೋದಿಲ್ಲ, ಸಂಕೋಚ" ಅಂತ ಬದಿಗೆ ಸರಿಸ್ತಾರೆ. ಮುಂಬಯಿಯಲ್ಲಿ ಬಾಳೂಗೆ, ವಿಠ್ಠಲಗೆ ಹೇಳಿದ್ದು ಇದರದ್ದೇ ಇನ್ನೊಂದು ರೂಪ.

ಹಾಗಾದ್ರೆ ಏನು ಕೇಳಬೇಕು? ಪೋಷಕರು "ನನ್ನ ಮಗನನ್ನ ತಗೊಳ್ರಿ" ಅಂತ ಕೇಳೋದು ಬಿಡ್ರಿ. ಅದು ಅರ್ಜಿ ಆಗ್ತದೆ, ಅವರು ದೊಡ್ಡವರಾಗ್ತಾರೆ. ನಿಯಮ ಕೇಳ್ರಿ. ಆಯ್ಕೆಯ ದಿನ ಮತ್ತು ಜಾಗ ಕನಿಷ್ಠ ಒಂದು ವಾರ ಮೊದಲು ಎಲ್ಲ ಶಾಲೆಗಳ ನೋಟಿಸ್ ಬೋರ್ಡಿನಲ್ಲಿ ಇರಲಿ. ಯಾವುದಕ್ಕೆ ಎಷ್ಟು ಅಂಕ ಅನ್ನೋದು ಮೊದಲೇ ಬರೆದಿರಲಿ. ಹುಡುಗರ ಎದೆಯ ಮೇಲೆ ನಂಬರು ಇರಲಿ, ಅಡ್ಡಹೆಸರು ಕರೆಯೋದು ಬೇಡ. ಬೇರೆ ಬೇರೆ ಶಾಲೆಯ ಕನಿಷ್ಠ ಮೂರು ಜನ ಅಂಕ ಹಾಕಲಿ, ಸಂಬಂಧಿಕರು ಕಣದಲ್ಲಿದ್ದರೆ ಎದ್ದು ಹೋಗಲಿ. ಆಯ್ಕೆಯಾದವರ ಜೊತೆ ಆಗದವರ ಅಂಕವೂ ಗೋಡೆಗೆ ಬರಲಿ. ತಂಡ ಬಸ್ ಹತ್ತೋ ಮೊದಲು ತಕರಾರು ಹೇಳೋಕೆ ಎರಡು ದಿನ ಇರಲಿ.

ಕೊಡದಿದ್ರೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಆಯ್ಕೆಯ ಹಾಳೆ, ಅಂಕ, ಆಯ್ಕೆ ಮಾಡಿದವರ ಹೆಸರು ಕೇಳ್ರಿ. ಆ ವರ್ಷದ ಪಂದ್ಯ ಮುಗಿದಿರಬಹುದು. ಆದರೆ ಮುಂದಿನ ವರ್ಷ ಪಟ್ಟಿ ಬರೆಯೋ ಕೈ ಒಮ್ಮೆ ಯೋಚನೆ ಮಾಡ್ತದೆ. ಅರ್ಜಿ ಬರೆಯೋಕೆ ಸಹಾಯ ಬೇಕಾದವರು ನನಗೆ ಮೆಸೇಜ್ ಮಾಡ್ರಿ, ಕೂತು ಬರೆಯೋಣ.

ಇನ್ನೊಂದು ಮಾತು, ನಮ್ಮವರಿಗೇ. ನಾಳೆ ಪಟ್ಟಿ ಬರೆಯೋ ಪೆನ್ನು ನಮ್ಮ ಕೈಗೂ ಬರ್ತದೆ. ಈಗಾಗಲೇ ಕೆಲವು ಕಡೆ ನಮ್ಮ ದೈಹಿಕ ಶಿಕ್ಷಕರಿದ್ದಾರೆ, ನಮ್ಮ ಸದಸ್ಯರಿದ್ದಾರೆ. ಆಗಲೂ ಇದೇ ನಿಯಮ ನಡೀಬೇಕು. ಜಯಂತಿಯ ಪಂದ್ಯಾವಳಿಯಲ್ಲಿ ಚಂದಾ ಜಾಸ್ತಿ ಕೊಟ್ಟವರ ಮಗನನ್ನು ಕ್ಯಾಪ್ಟನ್ ಮಾಡೋದು ಪಟಿಯಾಲಾ ಪದ್ಧತಿ. ವಿಠ್ಠಲ ಮತ್ತು ಶಿವರಾಮ ಬರೆದ ಪತ್ರದಲ್ಲಿ ಕೇಳಿದ್ದು ದಯೆ ಅಲ್ಲ, ಹಿರಿತನಕ್ಕೂ ಸಾಧನೆಗೂ ಎಲ್ಲರಿಗೂ ಒಂದೇ ಅಳತೆಗೋಲು. ಆ ಅಳತೆಗೋಲು ನಮ್ಮನ್ನೂ ಅಳೀತದೆ.

ಧಾರವಾಡದಲ್ಲಿ ಹುಟ್ಟಿದ ಈ ಮನುಷ್ಯನ ಹೆಸರಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ಮೈದಾನ, ಒಂದು ಮಕ್ಕಳ ಪಂದ್ಯಾವಳಿ ಯಾಕಿರಬಾರದು? ಈ ಸಲದ ಜಯಂತಿಯಲ್ಲಿ ಡಿಜೆಗೆ ಕೊಡೋ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಬಾಳೂ ಪಾಲವಣಕರ ಹೆಸರಲ್ಲಿ ಹುಡುಗ ಹುಡುಗಿಯರಿಗೆ ಪಂದ್ಯ ಇಡೋಣ. ಒಂದೇ ಷರತ್ತು: ಆಯ್ಕೆಯ ಅಂಕಪಟ್ಟಿ ಗೋಡೆಗೆ ಅಂಟಿಸಬೇಕು, ಮತ್ತು ಚಹಾ ಎಲ್ಲರಿಗೂ ಒಂದೇ ಕಪ್ಪಿನಲ್ಲಿ.

ಯಾವ ಯಾವ ಊರಿನವರು ಜೊತೆಗೆ ಬರ್ತೀರಿ, ಕೆಳಗೆ ಊರ ಹೆಸರು ಬರೀರಿ.

ಜೈಭೀಮ್.